ನೇರಳೆ ಹಣ್ಣು ತಿಂದವನಿಗೆ ಬ್ಲ್ಯಾಕ್‌ಕರೆಂಟ್ ಯಾಕೆ?

ಆನ್‌ಸೈಟು ಅಂತ ಫ್ರಾನ್ಸಿಗೆ ಹೋಗಿ ಬಂದ ನಮ್ಮ ಟೆಕ್ಕಿ ಬಾಂಧವರಲ್ಲಿ ಒಂದು ಹೊಸ ಪಂಗಡ ಹುಟ್ಟಿಕೊಂಡಿದೆ. ಬೋರ್ಡೋ ವೈನಿನ ಲೋಟ ತಿರುಗಿಸುತ್ತಾರೆ, ಮೂಗು ಒಳಗೆ ತೂರಿಸುತ್ತಾರೆ, ಕಣ್ಣು ಮುಚ್ಚಿ "ಬ್ಲ್ಯಾಕ್‌ಕರೆಂಟ್... ಸೀಡರ್... ಲಾಂಗ್ ಫಿನಿಷ್..." ಅಂತ ಜಪ ಮಾಡುತ್ತಾರೆ. ಸ್ವಾಮಿ, ಬ್ಲ್ಯಾಕ್‌ಕರೆಂಟ್ ಹಣ್ಣು ತಿಂದಿದ್ದೀರಾ ಅಂದರೆ ಉತ್ತರವಿಲ್ಲ. ತಿನ್ನದ ಹಣ್ಣಿನ ವಾಸನೆ ಗೊತ್ತಾಗಿದ್ದು ಹೇಗೆ? ಬಾಟಲಿಯ ಹಿಂದಿನ ಚೀಟಿ ಓದಿ! ನನ್ನ ತಕರಾರು ವೈನಿನ ಮೇಲಲ್ಲ, ಈ ಎರವಲು ನಾಲಿಗೆಯ ಮೇಲೆ.

(ಕುಡಿಯದವರು ಬೇಜಾರಾಗಬೇಡಿ, ಕುಡಿಯಿರಿ ಅಂತ ಪ್ರಚಾರ ಮಾಡ್ತಿಲ್ಲ. ಇದು ಕನ್ನಡದ ವಿಷಯವೂ ಹೌದು.)

ಮೊದಲು ಲೇಬಲ್ ಭಕ್ತಿಯ ಕತೆ. "1855ರ ಪಟ್ಟಿಯಲ್ಲಿರೋ ಶಾಟೋ ಕಣಯ್ಯ" ಅಂದ ತಕ್ಷಣ ಎಲ್ಲರೂ ಗಂಭೀರವಾಗುತ್ತಾರೆ. ಆ ವರ್ಷ ಪ್ಯಾರಿಸ್‌ನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಮಾಡಿದ ಪಟ್ಟಿ ಅದು. ಅದಕ್ಕಾಗಿ ಯಾರೂ ಕೂತು ರುಚಿ ನೋಡಿ ಅಂಕ ಕೊಡಲಿಲ್ಲ. ಯಾವ ಶಾಟೋದ ವೈನು ವರ್ಷಾನುಗಟ್ಟಲೆ ಎಷ್ಟು ಬೆಲೆಗೆ ಮಾರಿದೆ ಅನ್ನೋದರ ಮೇಲೆ ಕೆಂಪು ವೈನುಗಳನ್ನು ಐದು ದರ್ಜೆಗೆ ಹಂಚಿದರು, ಅಷ್ಟೆ. ಇವತ್ತು ಅದರಲ್ಲಿ 61 ಶಾಟೋಗಳಿವೆ. ಇಷ್ಟು ವರ್ಷಗಳಲ್ಲಿ ಮೇಲಿನ ದರ್ಜೆಗೆ ಬಡ್ತಿ ಸಿಕ್ಕಿದ್ದು ಒಂದೇ ಒಂದಕ್ಕೆ, 1973ರಲ್ಲಿ ಮೂಟೋನ್ ರೋಥ್‌ಶೀಲ್ಡ್‌ಗೆ. ನಮ್ಮ ಅಪ್ರೈಸಲ್ಲೇ ವಾಸಿ ಬಿಡಿ :-)

ಇನ್ನು ಪದಗಳ ಜಪ. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಹಲವರಿಗೆ ಗೊತ್ತಿರಬಹುದು. ಬೋರ್ಡೋದಲ್ಲೇ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. ಇದನ್ನು ಹಿಡಿದುಕೊಂಡು "ನೋಡ್ರಿ, ವೈನ್ ರುಚಿ ಅನ್ನೋದೇ ಬೊಗಳೆ" ಅನ್ನುವವರಿದ್ದಾರೆ. ಅದೂ ತಪ್ಪು ವಾದವೇ. ಆ ಪ್ರಯೋಗ ತೋರಿಸಿದ್ದು ಕಣ್ಣು ಕಂಡಿದ್ದು ಮೂಗಿನ ಪದಗಳನ್ನು ತಿದ್ದಿಬಿಡುತ್ತೆ ಅಂತ, ರುಚಿಯೇ ಇಲ್ಲ ಅಂತಲ್ಲ. ಅಷ್ಟು ಕಲಿತವರೇ ಹೀಗೆ ಜಾರಿದರೆ, ಬರೀ ಪದ ಬಾಯಿಪಾಠ ಮಾಡಿದ ನಮ್ಮ ಕತೆ ಏನು?

ರುಚಿ ಇದೆ, ಖಂಡಿತಾ ಇದೆ. ತುಲೂಸ್‌ನಲ್ಲಿ ಪ್ರಾಜೆಕ್ಟಿಗೆ ಇದ್ದಾಗ ನಾನು ರೈಲು ಹತ್ತಿ ಬೋರ್ಡೋಗೆ ಹೋಗುತ್ತಿದ್ದೆ. ಎಡದಂಡೆಯ ಮೆಡಾಕ್‌ನ ಜಲ್ಲಿಕಲ್ಲಿನ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಯದೇ ಕಾರುಬಾರು. ದಪ್ಪ ಸಿಪ್ಪೆ, ಅದರಿಂದ ಬರುವ ಟ್ಯಾನಿನ್ ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆ ಒಣಗಿದಂತೆ ಮಾಡುತ್ತೆ. ಇದಕ್ಕೆ ಇಂಗ್ಲಿಷಿನವರು ಬಳಸುವ 'ಆಸ್ಟ್ರಿಂಜೆಂಟ್' ಕೆಮಿಸ್ಟ್ರಿ ಲ್ಯಾಬಿನ ಮಾತಿನ ಹಾಗಿದೆ. ನಮ್ಮಲ್ಲಿ? ಒಗರು! ಷಡ್ರಸಗಳಲ್ಲೇ ಒಂದು, ಮಕ್ಕಳಿಗೂ ಗೊತ್ತಿರುವ ಪದ. ಎಳೆಯ ಮೆಡಾಕ್ ಕುಡಿದರೆ ಅಡಿಕೆ ಚೊಗರು ನೆನಪಾಗುತ್ತೆ, ಬಾಯಿ ನೇರಳೆ ಹಣ್ಣು ತಿಂದಂತಾಗುತ್ತೆ. ಬಲದಂಡೆಯ ಪೊಮೆರೋಲ್‌ಗೆ ಬನ್ನಿ, ಜೇಡಿಮಣ್ಣು, ಮೆರ್ಲೋ ದ್ರಾಕ್ಷಿ. ಒಗರು ಇಳಿದು ಚೆನ್ನಾಗಿ ಮಾಗಿದ ನೇರಳೆಯಾಗುತ್ತೆ. ಸೊಟೆರ್ನ್‌ನಲ್ಲಿ ಬೆಳಗಿನ ಮಂಜಿಗೆ ಬೂಷ್ಟು ಹಿಡಿದು ಸುಕ್ಕಾದ ದ್ರಾಕ್ಷಿಯಿಂದಲೇ ಸಿಹಿ ವೈನು ಮಾಡುತ್ತಾರೆ. ನನಗದು ಜೇನಲ್ಲಿ ಅದ್ದಿದ ಹಲಸಿನ ತೊಳೆ, ಕೊನೆಗೊಂದು ಚೂರು ಹುಳಿ.

ಫ್ರೆಂಚರೂ ಇದನ್ನೇ ಮಾಡಿದ್ದು ಮಾರಾಯ್ರೆ! ತಮ್ಮ ಹಿತ್ತಲ ಹಣ್ಣು, ತಮ್ಮ ಶಾಲೆಯ ಪೆನ್ಸಿಲ್ಲು. ಸೊವಿನ್ಯೋ ಬ್ಲಾಂಕ್ ವಾಸನೆಗೆ ಅವರಲ್ಲಿ 'ಬೆಕ್ಕಿನ ಉಚ್ಚೆ' ಅನ್ನುವ ಮಾತೇ ಇದೆ. ಬೆಕ್ಕಿನ ಉಚ್ಚೆ ಅನ್ನಲು ಅವರಿಗೆ ನಾಚಿಕೆಯಿಲ್ಲ, ಅಡಿಕೆ ಚೊಗರು ಅನ್ನಲು ನಮಗ್ಯಾಕೆ?

"ನೇರಳೆ ಅಂದರೆ ಜಗತ್ತಿಗೆ ಅರ್ಥ ಆಗುತ್ತಾ?" ಅಂತ ಒಬ್ಬರು ಕೇಳಿದರು. ಪರೀಕ್ಷೆ ಬರೆಯುವ ಸೊಮೆಲಿಯೇಗೆ, ವ್ಯಾಪಾರಿಗೆ ಸಾಮಾನ್ಯ ಪರಿಭಾಷೆ ಬೇಕು, ಒಪ್ಪಿದೆ. ಅದು ಅವರ ಪ್ರೋಟೋಕಾಲ್. ನಾವು ಗೆಳೆಯರ ನಡುವೆ ಕೂತು ಯಾವ ಸರ್ವರ್‌ಗೆ ಉತ್ತರ ಕೊಡಬೇಕಾಗಿದೆ?

ಇದು ಬರೀ ಶೋಕಿಯ ವಿಷಯ ಅಂದುಕೊಳ್ಳಬೇಡಿ. ಕೆಂಪು ವೈನ್ ಕುಡಿಯುವುದು ಕಮ್ಮಿಯಾಗಿ, 2023ರಲ್ಲಿ ಬೋರ್ಡೋದ ಸುಮಾರು 9,500 ಹೆಕ್ಟೇರ್ ದ್ರಾಕ್ಷಿ ಬಳ್ಳಿ ಕಿತ್ತುಹಾಕಲು ಹೆಕ್ಟೇರಿಗೆ 6,000 ಯೂರೋ ಕೊಡುವ ಯೋಜನೆ ಬಂತು. ಪೆಟ್ಟು ಬಿದ್ದಿದ್ದು ಹೆಚ್ಚಾಗಿ ಪಟ್ಟಿಯಲ್ಲಿಲ್ಲದ, ಅಗ್ಗದ ವೈನು ಮಾಡುವ ಬೆಳೆಗಾರರಿಗೆ. ಬೆಲೆ ಕುಸಿದು ತೋಟ ಕೀಳುವ ಸಂಕಟ ನಮ್ಮ ರೈತರ ಮನೆಯವರಿಗೆ ವಿವರಿಸಬೇಕಿಲ್ಲ. ಸ್ವಂತ ನಾಲಿಗೆ ನಂಬಿದವನು ಮಾತ್ರ ಹೆಸರಿಲ್ಲದ ಬಾಟಲಿಯನ್ನು ಚೆನ್ನಾಗಿದೆ ಅಂತ ಧೈರ್ಯವಾಗಿ ಕೊಳ್ಳುತ್ತಾನೆ. ಎರವಲು ನಾಲಿಗೆ ಆ 61ರ ಹಿಂದೆಯೇ ಓಡುತ್ತೆ.

ಮುಂದಿನ ಸಲ ಲೋಟ ಕೈಗೆ ಬಂದರೆ ಚೀಟಿ ಗೋಡೆ ಕಡೆ ತಿರುಗಿಸಿಡಿ. ನಾಲಿಗೆಗೆ ಏನು ನೆನಪಾಯಿತೋ ಅದನ್ನು ನಿಮ್ಮ ಊರಿನ ಕನ್ನಡದಲ್ಲೇ ಬರೆಯಿರಿ, ಓದಲು ನಾನಿದ್ದೇನೆ. ಬೈಯುವುದಿದ್ದರೆ ಕೆಳಗೆ ಜಾಗ ಇದೆ. "ಲಾಂಗ್ ಫಿನಿಷ್" ಅಂತ ಮಾತ್ರ ಬೇಡ!