ಪೆಟ್ರೋಲ್ ಕದ್ದವರು ಯಾರು?

ಮಕ್ಕಳೇ, ಈ ವಾರ ಒಂದು ಕಳ್ಳತನದ ಕಥೆ ಹೇಳುತ್ತೇನೆ. ಕಳ್ಳ ಸಿಕ್ಕಿದ. ಆದರೆ ಅವನು ಸಿಗುವ ಮೊದಲೇ ನಾನು ಇನ್ನೊಬ್ಬನನ್ನು ಮನಸ್ಸಿನಲ್ಲೇ ಕಳ್ಳ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಆ ತಪ್ಪನ್ನು ನಿಮ್ಮೆದುರು, ನಿಮ್ಮ ಅಜ್ಜ ಅಜ್ಜಿಯರ ಎದುರು ಒಪ್ಪಿಕೊಳ್ಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಒಂದು ಪೆಟ್ರೋಲ್ ಕಾರಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಬರೆದಿಡುವ ಚಟ ಹೋಗುವುದಿಲ್ಲ. ಎಷ್ಟು ಲೀಟರ್ ಹಾಕಿಸಿದೆ, ಎಷ್ಟು ಕಿಲೋಮೀಟರ್ ಓಡಿತು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿದೆ. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಕಾರು ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ 11ಕ್ಕೆ ಇಳಿಯಿತು. ಆಗಲೇ ನನ್ನ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಾರು ಓಡಿಸಲು ನಮ್ಮ ಬೀದಿಯ ಹುಡುಗನೊಬ್ಬ ಬರುತ್ತಿದ್ದ. ಹುಡುಗ ಬಂದ, ಮೈಲೇಜ್ ಇಳಿಯಿತು. ನಾನು ಅವನ ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅಂದಿನಿಂದ ಪ್ರತಿ ಸಲ ಬಂಕಿನ ರಸೀದಿ ಕೇಳತೊಡಗಿದೆ.

ಆ ಹುಡುಗ ಹೇಳುತ್ತಲೇ ಇದ್ದ: "ಸಾರ್, ಬೆಳಿಗ್ಗೆ ಸರಿಯಾಗೇ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಅಂಗಡಿ ಮುಂದೆ ಐದು ನಿಮಿಷ ನಿಲ್ಲಿಸಿದ್ರೆ ಮತ್ತೆ ಹಿಡಿಯೋದೇ ಇಲ್ಲ. ಹಿಂದುಗಡೆ ಕಪ್ಪು ಹೊಗೆ ಬರುತ್ತೆ." ನೆಪ ಹೇಳುತ್ತಿದ್ದಾನೆ ಎಂದುಕೊಂಡೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಎಂದಿನಂತೆ ನಡುವಿನಲ್ಲೇ ಇತ್ತಲ್ಲ!

ಕೊನೆಗೆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದ. ಇಂಜಿನ್ ಮುಟ್ಟಲಾಗದಷ್ಟು ಸುಡುತ್ತಿದ್ದರೂ ಸ್ಕ್ಯಾನರ್ 28 ಡಿಗ್ರಿ ಎನ್ನುತ್ತಿತ್ತು! "ಸೆನ್ಸರ್ ಹೋಗಿದೆ" ಎಂದು ಹೊಸದನ್ನು ಹಾಕಿದ. ಹಳೆಯದನ್ನು ನಾನು ಜೇಬಿಗೆ ಹಾಕಿಕೊಂಡು ಬಂದೆ. ಆದರೆ ಮುಂದಿನ ಲೆಕ್ಕದಲ್ಲೂ ಅದೇ 11. ಈಗ ಅನುಮಾನವೇ ಉಳಿಯಲಿಲ್ಲ, ಹುಡುಗನದ್ದೇ ಕೆಲಸ ಎನ್ನಿಸಿತು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ, ಹಾಗಾಗಿ ಹೆಚ್ಚು ಪೆಟ್ರೋಲ್ ಬೇಕು. ಹಿಂದಿನ ಕಾರುಗಳಲ್ಲಿ ಇದಕ್ಕಾಗಿಯೇ ಚೋಕ್ ಎಳೆಯುತ್ತಿದ್ದೆವು. ನಿಮ್ಮ ಅಜ್ಜನನ್ನು ಕೇಳಿ ನೋಡಿ. ಈಗ ಆ ಕೆಲಸವನ್ನು ಕಾರಿನೊಳಗಿನ ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಇಂಜಿನ್ ಎಷ್ಟು ಬಿಸಿ ಎಂದು ಅದಕ್ಕೆ ತಿಳಿಸುವುದು ಕೂಲೆಂಟ್ ನೀರಿನಲ್ಲಿ ಮುಳುಗಿರುವ ಹೆಬ್ಬೆರಳಿನ ಗಾತ್ರದ ಸೆನ್ಸರ್. ಅದರೊಳಗಿನ ಥರ್ಮಿಸ್ಟರ್‌ನ ಗುಣ ವಿಚಿತ್ರ: ಬಿಸಿಯಾದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ತಡೆ ಕಡಿಮೆಯಾಗುತ್ತದೆ. ತಾಮ್ರದ ತಂತಿಯಲ್ಲಿ ಇದಕ್ಕೆ ತದ್ವಿರುದ್ಧ. 1833ರಲ್ಲಿ ಮೈಕೆಲ್ ಫ್ಯಾರಡೆ ಈ ಗುಣವನ್ನು ಸಿಲ್ವರ್ ಸಲ್ಫೈಡ್‌ನಲ್ಲಿ ಗುರುತಿಸಿದ್ದರು. ಬೆಳ್ಳಿಯ ದೀಪ ಕಪ್ಪಾಗುತ್ತದಲ್ಲ, ಆ ಕಪ್ಪು ಮುಖ್ಯವಾಗಿ ಇದೇ ಸಿಲ್ವರ್ ಸಲ್ಫೈಡ್.

ಎಂಟನೇ ತರಗತಿಯ ಮೊಮ್ಮಗಳು ರಜೆಗೆ ಬಂದಿದ್ದಳು. "ಅಜ್ಜ, ಹಳೇ ಸೆನ್ಸರ್ ಕೆಟ್ಟಿದೆ ಅಂತ ಯಾರು ನೋಡಿದ್ದು?" ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಸೆನ್ಸರ್ ಅನ್ನು ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಟ್ಟೆವು. ಎರಡು ಕಾಲುಗಳು ನೀರಿನ ಮೇಲಿದ್ದವು, ಅವಕ್ಕೆ ಮಲ್ಟಿಮೀಟರ್ ಹಿಡಿದೆವು. ಪಕ್ಕದಲ್ಲಿ ಅವಳ ವಿಜ್ಞಾನ ಕಿಟ್ಟಿನ ಥರ್ಮಾಮೀಟರ್. ಜ್ವರದ ಥರ್ಮಾಮೀಟರ್ ಇದಕ್ಕೆ ಬಾರದು, ಅದು 42 ಡಿಗ್ರಿಗೇ ನಿಲ್ಲುತ್ತದೆ. ನಾನು ಒಲೆ ನೋಡಿಕೊಂಡೆ, ಅವಳು ಬರೆದುಕೊಂಡಳು: 30 ಡಿಗ್ರಿಗೆ 1,650 ಓಮ್, 40ಕ್ಕೆ 1,150, 60ಕ್ಕೆ 580, 80ಕ್ಕೆ 320. ಎಲ್ಲಿಯೂ ಎಡವಲಿಲ್ಲ, ನೇರವಾಗಿ ಇಳಿಯಿತು. ಹಳೆಯ ಸೆನ್ಸರ್ ನಿರಪರಾಧಿ!

ಹಾಗಾದರೆ 28 ಡಿಗ್ರಿ ಎಂದವರು ಯಾರು? ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ನಾವು ಮೊದಲು ವ್ಯತ್ಯಾಸ ಎಷ್ಟು ಎಂದು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಯಾರೋ 83 ಬರೆಯುವ ಕಡೆ 38 ಬರೆದಿರಬಹುದು. ವ್ಯತ್ಯಾಸವೇ ತಪ್ಪಿನ ವಿಳಾಸ ಹೇಳುತ್ತದೆ. ಈ ಕಾರಿಗೂ ಅದನ್ನೇ ಮಾಡೋಣ ಎಂದು ಪರಿಚಯದ ಆಟೋ ಎಲೆಕ್ಟ್ರಿಷಿಯನ್‌ನನ್ನು ಮನೆಗೆ ಕರೆಸಿದೆ.

ಅವನು ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಕೀ ತೆಗೆದ. ಕಂಪ್ಯೂಟರಿನ ಪ್ಲಗ್ ಕಳಚಿ, ಅಲ್ಲಿಂದ ತಂತಿಗಳ ಮೂಲಕ ಸೆನ್ಸರ್ ಅನ್ನು ಅಳೆದ: 1,820 ಓಮ್. ಕೂಡಲೇ ಸೆನ್ಸರಿನ ಕಾಲಿಗೇ ನೇರವಾಗಿ ಮೀಟರ್ ಹಿಡಿದ: 320. ನಡುವೆ 1,500 ಓಮ್ ಎಲ್ಲಿಂದಲೋ ಸೇರಿಕೊಂಡಿತ್ತು. ಕಾಫಿ ತಂದ ನಮ್ಮ ಮನೆಯವರು ಅವನ ಕೈಯಲ್ಲಿದ್ದ ಕನೆಕ್ಟರಿನೊಳಗೆ ಬಗ್ಗಿ ನೋಡಿ, "ಇದು ಕಿಲುಬಲ್ವಾ?" ಎಂದರು. ಹೌದು, ಹಿತ್ತಾಳೆ ಪಾತ್ರೆಗೆ ಹಿಡಿಯುವ ಹಸಿರು ಕಿಲುಬು! ಮಳೆಗಾಲದಲ್ಲಿ ನೀರು ಒಳಸೇರಿ ಅಲ್ಲಿ ಕೂತಿತ್ತು. ಮುಳ್ಳಿಗೆ ಬೇರೆಯೇ ಒಂಟಿ ತಂತಿಯ ಸೆನ್ಸರ್ ಇದ್ದುದರಿಂದ ಅದು ಸರಿಯಾಗಿಯೇ ತೋರಿಸುತ್ತಿತ್ತು. ಗ್ಯಾರೇಜಿನಲ್ಲಿ ಹೊಸ ಸೆನ್ಸರ್ ಹಾಕಿದ ಮೇಲೆ ಇಂಜಿನ್ ಬಿಸಿ ಮಾಡಿ ಮತ್ತೊಮ್ಮೆ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಲ್ಲೇ ನಿಂತಿದ್ದ ನಾನೂ ಕೇಳಲಿಲ್ಲ.

"ಅಜ್ಜ, ಬೆಳಿಗ್ಗೆ ಯಾಕೆ ಸರಿಯಾಗಿತ್ತು?" ಎಂದಳು ಮೊಮ್ಮಗಳು. ಇದು ಬರೀ ಕೂಡುವ ಲೆಕ್ಕ. ಚಳಿಯ ಬೆಳಿಗ್ಗೆ 20 ಡಿಗ್ರಿಯಲ್ಲಿ ಸೆನ್ಸರ್ ಸುಮಾರು 2,450. ಅದಕ್ಕೆ 1,500 ಸೇರಿದರೆ 3,950. ಕಂಪ್ಯೂಟರ್ ಅದನ್ನು ಸುಮಾರು 10 ಡಿಗ್ರಿ ಎಂದುಕೊಳ್ಳುತ್ತದೆ, ಅಂಥ ನಷ್ಟವಿಲ್ಲ. ಬಿಸಿ ಇಂಜಿನ್‌ನಲ್ಲಾದರೆ 320 ಹೋಗಿ 1,820 ಆಗುತ್ತದೆ. 80 ಡಿಗ್ರಿ ಹೋಗಿ 28! ದಿನವಿಡೀ ಚೋಕ್ ಎಳೆದುಕೊಂಡೇ ಓಡಿಸಿದಂತೆ. ತಂತಿ ಪೂರ್ತಿ ತುಂಡಾಗಿದ್ದರೆ ಎಚ್ಚರಿಕೆಯ ದೀಪ ಹತ್ತುತ್ತಿತ್ತು. 28 ಡಿಗ್ರಿ ನಂಬುವಂಥ ಸುಳ್ಳು, ಅದಕ್ಕೇ ನಮ್ಮ ಹಳೆಯ ಕಂಪ್ಯೂಟರ್ ನಂಬಿತು.

ನಮ್ಮ ಮನೆಯವರು ಹುಣಸೆಹಣ್ಣು ತರಲು ಹೊರಟರು. "ಬೇಡಿ ಅಮ್ಮ, ಇದಕ್ಕೆ ಹುಳಿ ಆಗಲ್ಲ" ಎಂದು ನಗುತ್ತಾ ಅವನು ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದ. ಮುಂದಿನ ಲೆಕ್ಕದಲ್ಲಿ ಲೀಟರಿಗೆ 14.8.

ಆ ಅಂಕಿ ಬರೆಯುವಾಗ ಮೊಮ್ಮಗಳು ನೋಟ್‌ಬುಕ್ಕಿನಲ್ಲಿದ್ದ ಕೆಂಪು ಗುರುತು ನೋಡಿದಳು. "ಇದು ಯಾಕಜ್ಜ, ಅಣ್ಣನ ಹೆಸರಿನ ಪಕ್ಕ?" ನನ್ನ ಬಾಯಿ ಕಟ್ಟಿಹೋಯಿತು. ಅಂಕಿಗಳು ಸುಳ್ಳು ಹೇಳಿರಲಿಲ್ಲ. 11 ನಿಜವಾಗಿಯೂ 11 ಆಗಿತ್ತು. ಅದರ ಪಕ್ಕದಲ್ಲಿ ಒಂದು ಹೆಸರು ಬರೆದವನು ನಾನು.

ಸಂಜೆ ಹುಡುಗ ಬಂದಾಗ ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಹೇಳಿದೆ. "ತಪ್ಪಾಯ್ತಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿದ. "ಗೊತ್ತಿತ್ತು ಸಾರ್. ದಿನಾ ರಸೀದಿ ಕೇಳ್ತಿದ್ರಲ್ಲ" ಎಂದ. ಗೊತ್ತಿದ್ದೂ ಎರಡು ತಿಂಗಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕೈಹಿಡಿದು ಕರೆದೊಯ್ದಿದ್ದ.

ಮಕ್ಕಳೇ, ಪ್ರಯೋಗ ಮಾಡುವುದಾದರೆ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ಎಂದೂ ತೆಗೆಯಬೇಡಿ. ಕೂಲೆಂಟ್ ವಿಷ, ಅದು ತಾಗಿದ ಪಾತ್ರೆ ಅಡುಗೆಮನೆಗೆ ಮತ್ತೆ ಬರಬಾರದು. ಮತ್ತೆ, ಲೆಕ್ಕ ತಪ್ಪಿದಾಗ ಮೊದಲು ಮೀಟರ್ ಹಿಡಿಯಿರಿ. ಕೆಂಪು ಶಾಯಿಯನ್ನು ಕೊನೆಯವರೆಗೂ ಮುಚ್ಚಳ ಹಾಕಿಯೇ ಇಡಿ.