ಉಕ್ಕಿನ ವಿಜ್ಞಾನಕ್ಕೆ ನಮ್ಮ ಮಕ್ಕಳು ಹೊರಗಿನವರೇ?



ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಹೆಚ್ಚೆಂದರೆ ಕನ್ನಡ ಮಾಸ್ತರನಾದೀತು, ವಿಜ್ಞಾನಿಯಾಗದು ಎಂಬ ಮಾತನ್ನು ಕಾಸರಗೋಡಿನ ರಕ್ಷಕ-ಶಿಕ್ಷಕ ಸಭೆಗಳಲ್ಲಿ ಕೇಳಿ ಕೇಳಿ ಬೇಸತ್ತಿದ್ದೇನೆ. ಅದಕ್ಕೆ ತಲೆದೂಗುವ ಅಧ್ಯಾಪಕರೂ ಇದ್ದಾರೆ. ಅವರ ವಿಷಯ ಬೇಡ.

ವಸ್ತುವಿಜ್ಞಾನವನ್ನೇ ನೋಡಿ. 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದ, ಭಾರತರತ್ನ ಸಿ.ಎನ್.ಆರ್. ರಾವ್ ಅವರು ಶಾಲೆಯಲ್ಲಿ ಓದಿದ್ದು ಕನ್ನಡದಲ್ಲಿ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಚರ್ಚೆಗೆ ಬಂದ, ಅನಂತರ ಮೈಕೆಲ್ ಫ್ಯಾರಡೆ ಪರೀಕ್ಷಿಸಿದ ‘ವೂಟ್ಜ್’ ಲೋಹದ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. (ತೆಲುಗರಿಗೂ ಅದು ಉಕ್ಕೇ; ಜಗಳ ಬೇಡ.)

ಅವಕಾಶಗಳಿಗೇನೂ ಕೊರತೆಯಿಲ್ಲ. ಸೇತುವೆಯ ತೊಲೆ ಎಷ್ಟು ಭಾರಕ್ಕೆ ಬಾಗೀತು, ವಿಮಾನದ ರೆಕ್ಕೆಯ ಕೂದಲೆಳೆಯಷ್ಟು ಬಿರುಕು ಎಷ್ಟು ಹಾರಾಟಗಳ ಬಳಿಕ ಹಿಗ್ಗೀತು ಎಂದು ಲೆಕ್ಕ ಹಾಕುವ ಸಾಲಿಡ್ ಮೆಕ್ಯಾನಿಕ್ಸ್‌ಗೂ ವಸ್ತುವಿಜ್ಞಾನಕ್ಕೂ ಗೇಟ್ ಪರೀಕ್ಷೆಯಲ್ಲಿ ಪ್ರತ್ಯೇಕ ವಿಭಾಗಗಳಿವೆ. ಅದರಲ್ಲಿ ಅರ್ಹತೆ ಪಡೆದು ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವುಂಟು. ಕಿರಿಯ ಸಂಶೋಧಕರ ಫೆಲೋಷಿಪ್ 2023ರಿಂದ 37,000 ರೂಪಾಯಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ನಮ್ಮ ಕಡಲತೀರದಲ್ಲೇ, ಸುರತ್ಕಲ್ಲಿನ ಎನ್.ಐ.ಟಿ.ಯಲ್ಲೂ ಇದೆ.

ಆದರೆ ಆ ಸುರತ್ಕಲ್ ನಮ್ಮದಲ್ಲ! ಎನ್.ಐ.ಟಿ.ಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದವರಿಗೆ ಮೀಸಲು. ರಾಜ್ಯವನ್ನು ನಿರ್ಧರಿಸುವುದು ಹನ್ನೆರಡನೆಯ ತರಗತಿ ಎಲ್ಲಿ ಪಾಸಾಯಿತೆಂಬುದು. ಮಂಜೇಶ್ವರದ ಮಗುವಿಗೆ ಕಣ್ಣಳತೆಯ ಸುರತ್ಕಲ್ ಪರರಾಜ್ಯ, ದೂರದ ಕಲ್ಲಿಕೋಟೆ ಸ್ವರಾಜ್ಯ.

ಇದಕ್ಕಿಂತ ಕ್ರೂರವಾದದ್ದು ಪ್ರವೇಶ ಪರೀಕ್ಷೆಯ ಭಾಷಾನೀತಿ. ಜೆ.ಇ.ಇ. ಮೇನ್ 2021ರಿಂದ 13 ಭಾಷೆಗಳಲ್ಲಿ ನಡೆಯುತ್ತಿದೆ, ಕನ್ನಡವೂ ಅವುಗಳಲ್ಲೊಂದು. ಹಿಗ್ಗಬೇಡಿ. ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹಿಂದಿ ಬೇಕೆಂದವನಿಗೆ ದೇಶದ ಯಾವ ಕೇಂದ್ರದಲ್ಲೂ ಹಿಂದಿ ದೊರೆಯುತ್ತದೆ. ಅಕ್ಕಲಕೋಟೆಯ, ತಾಳವಾಡಿಯ, ಕಾಸರಗೋಡಿನ ಕನ್ನಡದ ಮಗು ತನ್ನ ಭಾಷೆಗಾಗಿ ಗಡಿ ದಾಟಬೇಕು. ಪರೀಕ್ಷೆ ನಡೆಯುವುದು ಗಣಕಯಂತ್ರದಲ್ಲಿ. ಮಂಗಳೂರಿನ ತೆರೆಯ ಮೇಲೆ ಮೂಡುವ ಅಕ್ಷರ ಕಾಸರಗೋಡಿನ ತೆರೆಯ ಮೇಲೆ ಮೂಡಲು ಏನಡ್ಡಿ?

ಹನ್ನೊಂದನೆಯ ತರಗತಿಯಿಂದ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲೇ ಓದುವವರಿಗೆ ಕನ್ನಡವೇಕೆಂದು ಕೇಳುವವರುಂಟು. ಸ್ಥಿತಿಸ್ಥಾಪಕತ್ವವನ್ನು ಹತ್ತು ವರ್ಷ ಕಲಿತ ಭಾಷೆಯಲ್ಲಿ ಅರ್ಥಮಾಡಿಕೊಂಡ ಹುಡುಗಿಗೆ ಇಂಗ್ಲಿಷಿನ ಸುತ್ತುಬಳಸಿನ ವಾಕ್ಯ ಎಡವುಗಲ್ಲಾದಾಗ ಪಕ್ಕದಲ್ಲಿ ಕನ್ನಡವಿರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಪ್ರಾದೇಶಿಕ ಭಾಷೆ ಆಯ್ದವರಿಗೆ ಇಂಗ್ಲಿಷನ್ನೂ ಜತೆಗೇ ಕೊಡುವ ಪದ್ಧತಿ ಈಗಾಗಲೇ ಇದೆ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಮಾತಾಡಿ ಸುಮ್ಮನಾಗುತ್ತದೆ. ಆದ್ದರಿಂದ ಕೇಳದಿದ್ದರೆ ಯಾರೂ ಕೊಡರು. ಮುಂದಿನ ಪರೀಕ್ಷೆಯ ಪ್ರಕಟಣೆ ಹೊರಡುವ ಮುನ್ನ ಪ್ರತಿ ಕನ್ನಡ ಶಾಲೆಯ ರಕ್ಷಕ-ಶಿಕ್ಷಕ ಸಂಘವೂ ನಿರ್ಣಯ ಅಂಗೀಕರಿಸಿ ಕೇಂದ್ರ ಶಿಕ್ಷಣ ಸಚಿವಾಲಯಕ್ಕೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಲಿ. ಮನವಿಯನ್ನು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಪ್ರತಿಯನ್ನು ಲಗತ್ತಿಸಿ.