ಹಾರುವ ಕಾಲ, ಸೇರುವ ಕಾಲ

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ದೂರ ಸುಮಾರು 300 ಕಿಲೋಮೀಟರು. ವಿಮಾನ ಕಂಪೆನಿಗಳವರು ಟಿಕೆಟ್ಟಿನಲ್ಲಿ ಕಾಣಿಸುವ ಕಾಲ ಒಂದು ಗಂಟೆಯ ಆಸುಪಾಸು. ಈ ಲೆಕ್ಕವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಹಾರುವ ಯಂತ್ರದ ಲೆಕ್ಕವೇ ಹೊರತು, ಬಸವನಗುಡಿಯಲ್ಲಿ ಮನೆ ಬಿಟ್ಟು ಹಂಪನಕಟ್ಟೆಯನ್ನು ಸೇರಬೇಕಾದ ಮನುಷ್ಯನ ಲೆಕ್ಕವಲ್ಲ.

2008ನೆಯ ಇಸವಿಯ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ನಗರದೊಳಗಿನ ಹಳೆಯ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಕಡೆಗೆ ಹೋದುವು. ನಗರಮಧ್ಯದಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು. ಹಾರುವ ಕಾಲ ಹೆಚ್ಚುಕಡಮೆ ಇದ್ದಂತೆಯೇ ಉಳಿದು, ನೆಲದ ಕಾಲ ಬೆಳೆಯಿತು. ಹೆಬ್ಬಾಳದ ವಾಹನಸಂದಣಿಯನ್ನು ದಾಟಲು ಒಂದೂವರೆ ಗಂಟೆ, ತಪಾಸಣೆಗಾಗಿ ಮುಂಚಿತವಾಗಿ ಹೋಗಿ ಕಾಯಲು ಎರಡು ಗಂಟೆ, ಇಳಿದ ಮೇಲೆ ಬಜಪೆಯ ಗುಡ್ಡದಿಂದ ಪೇಟೆಗೆ ಮತ್ತೆ ಮುಕ್ಕಾಲು ಗಂಟೆ: ಒಟ್ಟು ಐದು ಗಂಟೆಗೂ ಮೀರುತ್ತದೆ. ರಾತ್ರಿಯ ಬಸ್ಸಾದರೋ ಏಳೆಂಟು ಗಂಟೆಗಳಲ್ಲಿ ತಲಪುತ್ತದೆ. ಅದರಲ್ಲಿ ನಿದ್ದೆಯೂ ಉಂಟು!

ಹಳೆಯ ನಿಲ್ದಾಣವೇ ಸಾಕಾಗಿತ್ತೆಂಬುದು ನಮ್ಮ ವಾದವಲ್ಲ. ಜನಸಂದಣಿಯನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ಆದರೆ ಒಂದು ಗಂಟೆಯ ಮಾತನ್ನೇ ಮುಂದುಮಾಡಿ, ಕರಾವಳಿಯು ಹತ್ತಿರವಾಯಿತೆಂದು ಅಧಿಕಾರಿಗಳು ತೃಪ್ತಿಪಡುವುದು ಯುಕ್ತವಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ನಿಂತಾಗ, ರೋಗಿಯನ್ನು ಕರೆತರಬೇಕಾದ ಬಡ ಗೃಹಸ್ಥನಿಗೆ ಆ ಒಂದು ಗಂಟೆಯಿಂದ ಏನು ಫಲ? ಎರಡು ಊರುಗಳ ನಡುವಣ ಸಂಪರ್ಕವನ್ನು ಅಳೆಯುವಾಗ ಸರ್ಕಾರದವರು ಮನೆಬಾಗಿಲಿನಿಂದ ಮನೆಬಾಗಿಲಿಗೆ ಹಿಡಿಯುವ ಕಾಲವನ್ನು ಎಣಿಸಲಿ. ಘಾಟಿಯ ರಸ್ತೆಯನ್ನು ಮಳೆಗೆ ಮುಂಚೆಯೇ ಭದ್ರಪಡಿಸಲಿ ಎಂದು ಒತ್ತಿ ಹೇಳುತ್ತೇವೆ.